ಸಂಕಟ ಮೊದಲೋ, ಬರೋಣ ಮೊದಲೋ? ಅಂತ್ಯಕಾಲದ ನಿಲುವುಗಳನ್ನು ತೂಗಿ ನೋಡುವ ಬಗೆ

ಬೈಬಲ್ ಸ್ಟಡಿ ಮುಗಿದು ಎಲ್ಲರೂ ಎದ್ದು ಹೊರಡುವಾಗ ಬಾಗಿಲ ಬಳಿ ಯಾರಾದರೊಬ್ಬರು ತಡೆದು ಕೇಳುತ್ತಾರೆ. "ಸಂಕಟಕಾಲಕ್ಕೆ ಮೊದಲೇ ಸಭೆ ಎತ್ತಲ್ಪಡುತ್ತೆ ಅಂತ ನಮ್ಮ ಪಾಸ್ಟರ್ ಹೇಳ್ತಾರೆ. ಮದುವೆಯಾಗಿ ಬಂದ ಮನೆಯವರ ಸಭೆಯಲ್ಲಿ ಹಾಗೇನೂ ಇಲ್ಲ ಅಂತಾರೆ. ಯೂಟ್ಯೂಬ್ ತೆಗೆದರೆ ಮೂರನೇದೊಂದು. ನಾನು ಯಾವುದನ್ನ ನಂಬಲಿ?" ಬಾಗಿಲ ಬಳಿ ನಿಂತು ಎರಡು ನಿಮಿಷದಲ್ಲಿ ಉತ್ತರ ಕೊಡಲಾಗದ ಪ್ರಶ್ನೆ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ಬರೋಣ ಎಂದರೆ ಯೇಸು ತಿರುಗಿ ಬರುವುದು, ಸಂಕಟ ಎಂದರೆ ಅಂತ್ಯಕಾಲದ ಮಹಾಕಷ್ಟ, ಎತ್ತಲ್ಪಡುವುದು ಎಂದರೆ ಕ್ರಿಸ್ತನನ್ನು ನಂಬಿದವರು, ಅಂದರೆ ಸಭೆ, ಆತನ ಬಳಿಗೆ ಮೇಲಕ್ಕೆ ಒಯ್ಯಲ್ಪಡುವುದು.

ನಿಲುವುಗಳಿಗೆ ಹೋಗುವ ಮುಂಚೆ, ಯಾವುದು ಚರ್ಚೆಯಲ್ಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಯೇಸು ಮಹಿಮೆಯೊಡನೆ ತಿರುಗಿ ಬರುತ್ತಾನೆ, ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡುತ್ತಾನೆ, ಆತನ ರಾಜ್ಯಕ್ಕೆ ಕೊನೆಯಿಲ್ಲ. ಹೆಚ್ಚಿನ ಸಭೆಗಳು ಒಪ್ಪುವ ನಂಬಿಕೆಯ ಸಾರವಾದ ಕ್ರಿ.ಶ. 381ರ ನೈಸೀಯ ವಿಶ್ವಾಸಪ್ರಮಾಣದಲ್ಲಿ ಇರುವುದು ಇಷ್ಟು. ಇದರ ಜೊತೆಗೆ ಸತ್ತವರ ಪುನರುತ್ಥಾನ, ಬರಲಿರುವ ಲೋಕದ ಜೀವ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟಣೆಯ 20ನೇ ಅಧ್ಯಾಯದಲ್ಲಿ ಬರುವ, ಕ್ರಿಸ್ತನ ಆಳ್ವಿಕೆಯ ಸಾವಿರ ವರ್ಷದ ಲೆಕ್ಕವಾಗಲಿ ಏಳು ವರ್ಷದ ಸಂಕಟವಾಗಲಿ ಅಲ್ಲಿಲ್ಲ. ಹಾಗಾಗಿ ಕೆಳಗೆ ಬರುವ ನಿಲುವುಗಳಲ್ಲಿ ಯಾವುದನ್ನು ಹಿಡಿದರೂ ನೀವು ಕ್ರೈಸ್ತ ನಂಬಿಕೆಯ ಅಂಗಳದೊಳಗೇ ಇರುತ್ತೀರಿ. ಒಬ್ಬರು ಇನ್ನೊಬ್ಬರನ್ನು "ಬೈಬಲ್ ನಂಬದವರು" ಎಂದು ಜರೆಯುವುದನ್ನು ಕೇಳಿದ್ದೇನೆ. ಅದು ಸಲ್ಲದ ಮಾತು.

ಅಳತೆಗೋಲುಗಳು

ಹೋಲಿಸುವುದಕ್ಕೆ ನಾನು ನಾಲ್ಕು ಅಳತೆಗೋಲು ಇಟ್ಟುಕೊಂಡಿದ್ದೇನೆ.

ಮೊದಲನೆಯದು ವಾಕ್ಯಭಾಗ. ಪ್ರತಿ ನಿಲುವಿಗೂ ಸಲೀಸಾಗಿ ಹೊಂದುವ ಭಾಗಗಳಿವೆ, ಎಳೆದು ಹೊಂದಿಸಬೇಕಾದ ಭಾಗಗಳೂ ಇವೆ. ತಮ್ಮ ನಿಲುವಿಗೆ ಎಳೆದಾಟವೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರು ಇನ್ನೂ ಪೂರ್ತಿ ಓದಿಲ್ಲ ಎಂದರ್ಥ.

ಎರಡನೆಯದು, ಕಷ್ಟ ಬಂದಾಗ ಅದು ಏನು ಹೇಳುತ್ತದೆ? ಹಿಂಸೆಗೆ ಸಿಕ್ಕವರ ಮುಂದೆ, ಮಗುವನ್ನು ಮಣ್ಣು ಮಾಡಿ ಬಂದವರ ಮುಂದೆ ಅದನ್ನು ಹೇಳಲು ಬಾಯಿ ಬರುತ್ತದೆಯೇ?

ಮೂರನೆಯದು ಸೋಮವಾರದ ಪರೀಕ್ಷೆ. ಭಾನುವಾರ ಕೇಳಿದ್ದು ಸೋಮವಾರದ ಕೆಲಸವನ್ನು ಏನು ಮಾಡುತ್ತದೆ? 1780ರ ಮೇ 19ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ಹಾಡುಹಗಲೇ ಕತ್ತಲು ಕವಿಯಿತು. ದೀಪ ಹಚ್ಚದೆ ಓದಲಾಗದಷ್ಟು ಕತ್ತಲು. ನ್ಯಾಯತೀರ್ಪಿನ ದಿನ ಬಂದೇಬಿಟ್ಟಿತೆಂದು ಜನ ಹೆದರಿದರು. ಕನೆಕ್ಟಿಕಟ್ಟಿನ ಶಾಸನಸಭೆಯಲ್ಲಿ ಕಲಾಪ ಮುಂದೂಡೋಣ ಎಂಬ ಮಾತು ಬಂದಾಗ ಏಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯರು ಒಪ್ಪಲಿಲ್ಲ. ಆ ದಿನ ಬಂದಿಲ್ಲದಿದ್ದರೆ ಮುಂದೂಡುವ ಕಾರಣವಿಲ್ಲ, ಬಂದಿದ್ದರೆ ನಾನು ನನ್ನ ಕರ್ತವ್ಯದಲ್ಲಿರುವಾಗಲೇ ಸಿಗಲಿ, ಮೇಣದಬತ್ತಿ ತರಿಸಿ ಎಂದರಂತೆ. ನೀವು ಹಿಡಿಯುವ ನಿಲುವು ಮೇಣದಬತ್ತಿ ತರಿಸುತ್ತದೆಯೋ, ಕಡತ ಮುಚ್ಚಿಸುತ್ತದೆಯೋ?

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ಈ ನಿಲುವು ತಪ್ಪೆಂದು ತಿಳಿದ ದಿನ ನನಗಾಗುವ ನಷ್ಟವೆಷ್ಟು? ವಿಲಿಯಂ ಮಿಲ್ಲರ್ ಎಂಬ ಬೋಧಕರ ಲೆಕ್ಕ ನಂಬಿ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನು ಬರುತ್ತಾನೆಂದು ಕಾದರು. ಕೆಲವರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಅಂದು ರಾತ್ರಿ ಕಾದವರಲ್ಲೊಬ್ಬರು ಬೆಳಗಾಗುವವರೆಗೂ ಅತ್ತೆವೆಂದು ಆಮೇಲೆ ಬರೆದಿಟ್ಟರು. ಆ ದಿನಕ್ಕೆ "ಮಹಾ ನಿರಾಶೆ" ಎಂದೇ ಹೆಸರು ಬಿತ್ತು. 2011ರ ಮೇ 21 ಎಂದು ಅಮೆರಿಕದ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೋದಲ್ಲಿ ಸಾರಿದಾಗಲೂ ಅದೇ ಕಥೆ. ಮರುವರ್ಷ ಅವರೇ, ದಿನ ಗೊತ್ತುಮಾಡಿದ್ದು ಪಾಪವಾಯಿತೆಂದು ಒಪ್ಪಿಕೊಂಡರು. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂಬ ಮತ್ತಾಯ 24:36 ಅವರಿಬ್ಬರ ಬೈಬಲಿನಲ್ಲೂ ಇತ್ತು.

ಡಿಸ್ಪೆನ್ಸೇಷನಲ್ ನಿಲುವು: ಮೊದಲು ಎತ್ತಲ್ಪಡುವುದು, ಆಮೇಲೆ ಸಂಕಟ

ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಮೊದಲು ಬೀಳುವುದು ಇದು. ಬ್ರದರನ್ ಸಭೆಗಳು, ಬಹುತೇಕ ಪೆಂತೆಕೋಸ್ತ್ ಸಭೆಗಳು ಬೋಧಿಸುವುದೂ ಇದನ್ನೇ. ಕ್ರಿಸ್ತನು ಗುಟ್ಟಾಗಿ ಬಂದು ತನ್ನವರನ್ನು ಎತ್ತಿಕೊಂಡು ಹೋಗುತ್ತಾನೆ. ಭೂಮಿಯ ಮೇಲೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿಯ ಆಳ್ವಿಕೆ. ಆಮೇಲೆ ಕ್ರಿಸ್ತನು ಬಹಿರಂಗವಾಗಿ ಬಂದು ಯೆರೂಸಲೇಮಿನಿಂದ ಸಾವಿರ ವರ್ಷ ಆಳುತ್ತಾನೆ. ಇಸ್ರಾಯೇಲೇ ಬೇರೆ, ಸಭೆಯೇ ಬೇರೆ, ಎರಡಕ್ಕೂ ದೇವರ ಯೋಜನೆ ಬೇರೆಬೇರೆ ಎಂಬುದು ಇದರ ಅಡಿಪಾಯ. ದಾನಿಯೇಲ 9ರ ಎಪ್ಪತ್ತು ವಾರಗಳಲ್ಲಿ ಅರವತ್ತೊಂಬತ್ತು ಮುಗಿದವು, ಕೊನೆಯ ಒಂದು ವಾರ, ಅಂದರೆ ಏಳು ವರ್ಷ, ಇನ್ನೂ ಬಾಕಿ ಎಂದು ಎಣಿಸುತ್ತಾರೆ.

ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿ ನಿಲ್ಲಿಸಿದವರು ಬ್ರದರನ್ ಬೋಧಕ ಜಾನ್ ನೆಲ್ಸನ್ ಡಾರ್ಬಿ. ಮನೆಮನೆಗೆ ಮುಟ್ಟಿಸಿದ್ದು 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್. ಒಂದೇ ಪುಟದಲ್ಲಿ ಮೇಲೆ ವಾಕ್ಯ, ಕೆಳಗೆ ಟಿಪ್ಪಣಿ. ಓದುತ್ತಾ ಓದುತ್ತಾ ಎರಡರ ನಡುವಿನ ಗೆರೆ ಮರೆತುಹೋಗುತ್ತದೆ. ನನಗೂ ಮರೆತಿತ್ತು.

ಇದರ ಬಲವನ್ನು ಕಡೆಗಣಿಸಬೇಡಿ. ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲಿಗೆ ಕೊಟ್ಟ ಮಾತನ್ನು ಇದು ಗಂಭೀರವಾಗಿ ತೆಗೆದುಕೊಳ್ಳುತ್ತದೆ. ದೇವರು ಇಸ್ರಾಯೇಲನ್ನು ಕೈಬಿಟ್ಟಿಲ್ಲ ಎನ್ನುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯವನ್ನು ಓದಿದವರು ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ಕರ್ತನು ಈ ರಾತ್ರಿಯೇ ಬಂದಾನು ಎಂಬ ಎಚ್ಚರ ಈ ಸಭೆಗಳಲ್ಲಿ ಜೀವಂತವಾಗಿದೆ, ಸುವಾರ್ತೆ ಸಾರುವ ಆತುರವೂ ಅಲ್ಲಿಂದಲೇ. "ಎತ್ತಲ್ಪಡುವವರು ಈ ಲೋಕದಲ್ಲಿ ಏನೂ ಕಟ್ಟುವುದಿಲ್ಲ" ಎಂಬ ಟೀಕೆ ಅರ್ಧ ಮಾತ್ರ ನಿಜ. ಲೋಕವನ್ನು ಒಡೆದ ಹಡಗಿಗೆ ಹೋಲಿಸಿ, ದೇವರು ನನ್ನ ಕೈಗೆ ರಕ್ಷಣಾ ದೋಣಿ ಕೊಟ್ಟಿದ್ದಾನೆ ಎಂದ ಅಮೆರಿಕದ ಸುವಾರ್ತಿಕ ಡಿ. ಎಲ್. ಮೂಡಿಯವರೇ ಶಾಲೆಗಳನ್ನೂ ತೆರೆದರು.

ಎಳೆದಾಟ ಇರುವುದು 1 ಥೆಸಲೊನೀಕ 4ರಲ್ಲಿ. ಎತ್ತಲ್ಪಡುವುದಕ್ಕೆ ಮುಖ್ಯ ಆಧಾರ ಅದೇ. ಅಲ್ಲಿ ಆಜ್ಞಾಘೋಷವಿದೆ, ಪ್ರಧಾನದೂತನ ಶಬ್ದವಿದೆ, ದೇವರ ತುತೂರಿಯಿದೆ. ಗುಟ್ಟಿನ ಲಕ್ಷಣ ಯಾವುದೂ ಇಲ್ಲ. ಇನ್ನು ಅಂತರಿಕ್ಷದಲ್ಲಿ ಕರ್ತನನ್ನು "ಎದುರುಗೊಳ್ಳುವುದು" ಎಂಬ ಮಾತು. ಗ್ರೀಕಿನಲ್ಲಿ ಅದು ಅಪಾಂತೇಸಿಸ್. ಹೊಸ ಒಡಂಬಡಿಕೆಯಲ್ಲಿ ಅದೇ ಪದ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಬರುತ್ತದೆ, ರೋಮಿನ ಸಹೋದರರು ಪೌಲನನ್ನು ಕಾಣಲು ದಾರಿಗೆ ಬಂದಾಗಲೂ (ಅಪೊಸ್ತಲರ ಕೃತ್ಯಗಳು 28:15) ಬರುತ್ತದೆ. ಎರಡು ಕಡೆಯೂ ಹೊರಗೆ ಹೋಗಿ, ಬರುವವರನ್ನು ಕರೆದುಕೊಂಡು ಒಳಗೆ ಬರುವ ಚಿತ್ರ. ನಮ್ಮ ಭಾಷೆಯಲ್ಲೂ ದಿಬ್ಬಣವನ್ನು ಎದುರುಗೊಂಡವರು ದಿಬ್ಬಣದ ಜೊತೆ ವಾಪಸ್ ಮನೆಗೇ ಬರುತ್ತಾರೆ, ದಿಬ್ಬಣ ಹತ್ತಿಕೊಂಡು ಬೇರೆಡೆಗೆ ಹೋಗುವುದಿಲ್ಲ. ಒಂದು ಪದದಿಂದ ಇಡೀ ವಾದ ಬಿದ್ದುಹೋಗುತ್ತದೆ ಎನ್ನುತ್ತಿಲ್ಲ. ಆದರೆ ನನ್ನ ಮಟ್ಟಿಗೆ ಬಿರುಕು ಮೊದಲು ಕಂಡದ್ದು ಅಲ್ಲೇ.

ನಾಲ್ಕನೆಯ ಅಳತೆಗೋಲಿನಲ್ಲಿ ಈ ನಿಲುವು ದುಬಾರಿ. ಅದು ನಿಲುವಿನ ತಪ್ಪೇನಲ್ಲ, ಅದರ ಸುತ್ತ ಬೆಳೆದ ಅಭ್ಯಾಸದ ತಪ್ಪು. ಹದಿಹರೆಯದಲ್ಲಿ ನಾನೊಂದು ನಕ್ಷೆ ಬರೆದುಕೊಂಡಿದ್ದೆ. ನೋಟ್‌ಬುಕ್ಕಿನ ಎರಡು ಪುಟದಗಲಕ್ಕೆ, ಎಡತುದಿಯಲ್ಲಿ ಏದೆನ್ ತೋಟ, ಬಲತುದಿಯಲ್ಲಿ ಹೊಸ ಯೆರೂಸಲೇಮು, ನಡುವೆ ಕೆಂಪು ಪೆನ್ಸಿಲಿನಲ್ಲಿ ಬರೆದ, ಪ್ರಕಟಣೆಯಲ್ಲಿ ಬರುವ ಮೃಗ. ಅದರ ಹತ್ತು ಕೊಂಬುಗಳ ಮೇಲೆ ಹತ್ತು ದೇಶಗಳ ಹೆಸರು. 1981ರಲ್ಲಿ ಗ್ರೀಸ್ ಸೇರಿ ಯುರೋಪಿಯನ್ ಸಮುದಾಯದ ಸದಸ್ಯರು ಸರಿಯಾಗಿ ಹತ್ತಾಗಿದ್ದರು, ಬೋಧಕರೆಲ್ಲ ಅದನ್ನೇ ತೋರಿಸುತ್ತಿದ್ದರು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಬಂದು ಸೇರಿದವು. ಹನ್ನೊಂದನೇ, ಹನ್ನೆರಡನೇ ಕೊಂಬನ್ನು ಎಲ್ಲಿ ಬರೆಯುವುದು? ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೂತಾಯಿತು. ನಕ್ಷೆ ತೋರಿಸಿಕೊಟ್ಟ ಹಿರಿಯರು ಅದರ ಮಾತನ್ನೇ ಎತ್ತಲಿಲ್ಲ, ಮರುವರ್ಷ ಬೇರೆ ಹತ್ತು ಹುಡುಕಿದ್ದರು.

ಈ ನಿಲುವೇ ನಿಮಗೆ ಸರಿ ಎನಿಸಿದರೆ ಹಿಡಿಯಿರಿ, ಪತ್ರಿಕೆಯ ಸುದ್ದಿಗೆ ಗಂಟು ಹಾಕಬೇಡಿ. ಡಿಸ್ಪೆನ್ಸೇಷನಲ್ ಪಂಡಿತರಲ್ಲೇ ಜಾಗರೂಕರು ಇದನ್ನೇ ಹೇಳುತ್ತಾರೆ.

ಹಳೆಯ ಪ್ರೀಮಿಲೆನಿಯಲ್ ನಿಲುವು: ಸಂಕಟದ ನಡುವೆಯೇ ಸಭೆ

ಇಲ್ಲಿಯೂ ಕ್ರಿಸ್ತನು ಸಾವಿರ ವರ್ಷಕ್ಕೆ ಮುಂಚೆಯೇ ಬರುತ್ತಾನೆ. ಆದರೆ ಬರೋಣ ಒಂದೇ, ಎರಡು ಕಂತಿನಲ್ಲಿ ಅಲ್ಲ. ಸಭೆ ಸಂಕಟವನ್ನು ಹಾದು ಹೋಗುತ್ತದೆ, ಆಮೇಲೆ ಎದುರುಗೊಳ್ಳುತ್ತದೆ. "ಆ ದಿನಗಳ ಸಂಕಟ ತೀರಿದ ಮೇಲೆ" ಎಂಬ ಮತ್ತಾಯ 24:29ಕ್ಕೆ ಇದು ನೇರವಾಗಿ ಹೊಂದುತ್ತದೆ.

ಎರಡನೆಯ ಶತಮಾನದ ಕ್ರೈಸ್ತ ಬರಹಗಾರರಾದ ಜಸ್ಟಿನ್, ಐರೇನಿಯಸ್ ಇಬ್ಬರೂ ಭೂಮಿಯ ಮೇಲಿನ ಸಾವಿರ ವರ್ಷದ ಆಳ್ವಿಕೆಯನ್ನು ಎದುರುನೋಡಿದವರು. ಜಸ್ಟಿನ್ ಒಂದು ಕಡೆ, ಶುದ್ಧ ನಂಬಿಕೆಯ ಕ್ರೈಸ್ತರಲ್ಲೇ ಅನೇಕರು ಇದನ್ನು ಒಪ್ಪುವುದಿಲ್ಲ ಎಂದೂ ಬರೆಯುತ್ತಾರೆ. ಅಷ್ಟು ಹಿಂದೆಯೇ ಭಿನ್ನಾಭಿಪ್ರಾಯವಿತ್ತು, ಅಷ್ಟು ಹಿಂದೆಯೇ ಅದನ್ನು ಸಹಿಸುವ ದೊಡ್ಡ ಮನಸ್ಸೂ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಬೈಬಲ್ ಪಂಡಿತ ಜಾರ್ಜ್ ಎಲ್ಡನ್ ಲ್ಯಾಡ್ ಈ ನಿಲುವಿಗೆ ಮತ್ತೆ ಗೌರವ ತಂದರು.

ಕಷ್ಟದ ಅಳತೆಗೋಲಿನಲ್ಲಿ ಇದಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. "ನೀವು ಸಂಕಟ ನೋಡುವುದೇ ಇಲ್ಲ" ಎಂದು ಹಿಂಸೆಯಲ್ಲಿರುವ ಸಭೆಗೆ ಹೇಳಿದರೆ, ಅವರು ತಮ್ಮ ಗಾಯ ತೋರಿಸಿಯಾರು. ಪ್ರಕಟಣೆಯ ಪುಸ್ತಕ ಹಿಂಸೆ ಉಂಡವರಿಗೇ ಬರೆದದ್ದು. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ, ನಿಮ್ಮ ಜೊತೆ ಹಿಂಸೆಯಲ್ಲಿ ಪಾಲುಗಾರ ಎಂದೇ ತನ್ನನ್ನು ಪರಿಚಯಿಸಿಕೊಳ್ಳುತ್ತಾನೆ.

ಎಳೆದಾಟ? ಕ್ರಿಸ್ತನೇ ಸಾವಿರ ವರ್ಷ ಎದುರಿಗಿದ್ದು ಆಳಿದ ಮೇಲೆ, ಸೈತಾನನು ಬಿಡುಗಡೆಯಾಗಿ ಸಮುದ್ರದ ಮರಳಿನಷ್ಟು ಜನರನ್ನು ದಂಗೆಗೆ ಕೂಡಿಸುತ್ತಾನೆ (ಪ್ರಕಟಣೆ 20:7-9). ಆ ಜನ ಎಲ್ಲಿಂದ ಬಂದರು? ಎರಡು ಬಗೆಯ ಪ್ರೀಮಿಲೆನಿಯಲ್‌ಗಳಿಗೂ ಈ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉತ್ತರಗಳಿವೆ. ಸಲೀಸಾಗಿಲ್ಲ ಅಷ್ಟೆ.

ಅಮಿಲೆನಿಯಲ್ ನಿಲುವು: ಸಾವಿರ ವರ್ಷ ಈಗಲೇ ನಡೆಯುತ್ತಿದೆ

ಹೆಸರು ಕೇಳಿದರೆ "ಸಾವಿರ ವರ್ಷವೇ ಇಲ್ಲ" ಎಂಬಂತಿದೆ. ಇವರು ಹಾಗನ್ನುವುದಿಲ್ಲ. ಕ್ರಿಸ್ತನು ಪರಲೋಕದಿಂದ ಈಗ ಆಳುತ್ತಿದ್ದಾನೆ, ಆತನ ಮೊದಲ ಬರೋಣದಿಂದ ಎರಡನೆಯದರವರೆಗಿನ ಇಡೀ ಕಾಲವೇ ಆ ಸಾವಿರ ವರ್ಷ, ಅದು ಸಂಕೇತದ ಸಂಖ್ಯೆ ಎನ್ನುತ್ತಾರೆ. ಸೈತಾನನನ್ನು ಕಟ್ಟಿಹಾಕಿದ್ದು? ಬಲಿಷ್ಠನನ್ನು ಮೊದಲು ಕಟ್ಟಿಹಾಕದೆ ಅವನ ಮನೆ ಹೊಕ್ಕು ಸುಲಿಯಲಾಗದು ಎಂದು ಯೇಸುವೇ ಹೇಳಿದನಲ್ಲ (ಮತ್ತಾಯ 12:29), ಅದೇ. ಜನಾಂಗಗಳನ್ನು ಮರುಳುಗೊಳಿಸದಂತೆ ಅವನಿಗೆ ಸರಪಳಿ ಬಿದ್ದದ್ದರಿಂದಲೇ ಸುವಾರ್ತೆ ಎಲ್ಲ ಜನಾಂಗಗಳಿಗೂ ಹೋಗುತ್ತಿದೆ. ಕೊನೆಗೆ ಒಂದೇ ಬರೋಣ, ಒಂದೇ ಪುನರುತ್ಥಾನ, ಒಂದೇ ತೀರ್ಪು, ಹೊಸ ಆಕಾಶ, ಹೊಸ ಭೂಮಿ.

ಮೊದಲು ಸಾವಿರ ವರ್ಷವನ್ನು ಅಕ್ಷರಶಃ ನಂಬಿದ್ದ ಪ್ರಾಚೀನ ಸಭೆಯ ಪಂಡಿತ ಅಗಸ್ಟೀನ್ ಆಮೇಲೆ ಮನಸ್ಸು ಬದಲಿಸಿ, ದೇವರ ನಗರವನ್ನು ಕುರಿತ ತನ್ನ ದೊಡ್ಡ ಗ್ರಂಥದ ಇಪ್ಪತ್ತನೆಯ ಭಾಗದಲ್ಲಿ ಈ ಓದನ್ನು ವಿವರಿಸಿದರು. ಪಶ್ಚಿಮದ ಸಭೆ ಮುಂದಿನ ಸಾವಿರ ವರ್ಷ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಲೂಥರನ್ನರ 1530ರ ಆಗ್ಸ್‌ಬರ್ಗ್ ಅರಿಕೆಯ 17ನೇ ಅಂಶ, ಪುನರುತ್ಥಾನಕ್ಕೆ ಮುಂಚೆ ದೈವಭಕ್ತರು ಲೋಕದ ರಾಜ್ಯವನ್ನು ಹಿಡಿಯುತ್ತಾರೆ ಎಂಬ ಬೋಧನೆಯನ್ನು ತಳ್ಳಿಹಾಕುತ್ತದೆ. ಕಥೋಲಿಕ ಸಭೆ 1944ರಲ್ಲಿ, ಕ್ರಿಸ್ತನು ಅಂತಿಮ ತೀರ್ಪಿಗೆ ಮುಂಚೆ ಕಣ್ಣಿಗೆ ಕಾಣುವಂತೆ ಬಂದು ಈ ಲೋಕವನ್ನು ಆಳುತ್ತಾನೆಂದು ಬೋಧಿಸುವುದು ಸುರಕ್ಷಿತವಲ್ಲ ಎಂದಿತು. ಹಾಗಾಗಿ ಕಥೋಲಿಕ, ಲೂಥರನ್, ಬಹುಪಾಲು ರಿಫಾರ್ಮ್ಡ್ ಮನೆತನದವರಾದರೆ ನೀವು ಹೆಸರು ಗೊತ್ತಿಲ್ಲದೆಯೇ ಅಮಿಲೆನಿಯಲ್ ಆಗಿರುವ ಸಾಧ್ಯತೆ ಹೆಚ್ಚು.

ಗೊಂದಲ ಕಡಿಮೆ, ನಕ್ಷೆ ಬೇಕಿಲ್ಲ, ಸುದ್ದಿ ಬದಲಾದರೆ ನಂಬಿಕೆ ಅಲುಗುವುದಿಲ್ಲ. ಪೆಟ್ಟು ಬೀಳುವುದು ಪ್ರಕಟಣೆ 20:4-5ರಲ್ಲಿ. ಹುತಾತ್ಮರು "ಜೀವಿತರಾದರು" ಎಂದು ನಾಲ್ಕನೇ ವಚನ, ಉಳಿದ ಸತ್ತವರು ಸಾವಿರ ವರ್ಷ ಮುಗಿಯುವವರೆಗೆ "ಜೀವಿತರಾಗಲಿಲ್ಲ" ಎಂದು ಐದನೆಯದು. ಮೂಲದಲ್ಲಿ ಎರಡೂ ಒಂದೇ ಕ್ರಿಯಾಪದ. ಅಗಸ್ಟೀನರ ದಾರಿಯಲ್ಲಿ ಒಂದನ್ನು ಆತ್ಮಿಕ ಜೀವವೆಂದೂ ಇನ್ನೊಂದನ್ನು ದೇಹದ ಎದ್ದುಬರುವಿಕೆಯೆಂದೂ ಓದಬೇಕಾಗುತ್ತದೆ. ಯೋಹಾನ 5:25-29ರಲ್ಲಿ ಯೇಸು ಎರಡನ್ನೂ ಒಟ್ಟಿಗೆ ಹೇಳಿದ್ದಾನಲ್ಲ ಎಂಬುದು ಅವರ ಸಮರ್ಥನೆ. ಅದು ಹಗುರವಾದ ಸಮರ್ಥನೆಯಲ್ಲ, ಆದರೂ ಒಂದೇ ಉಸಿರಿನಲ್ಲಿ ಬಂದ ಒಂದೇ ಪದಕ್ಕೆ ಎರಡು ಅರ್ಥ ಕೊಡಲು ನನಗೆ ಇನ್ನೂ ಕೈ ತಡೆಯುತ್ತದೆ. ಇನ್ನೊಂದು ಅಪಾಯವೂ ಇದೆ. ಬರೋಣದ ಬಗ್ಗೆ ವರ್ಷಕ್ಕೊಂದು ಪ್ರಸಂಗವೂ ಇಲ್ಲದ ಸಭೆಗಳು ಇದರ ನೆರಳಿನಲ್ಲಿ ಹಾಯಾಗಿ ನಿದ್ದೆ ಮಾಡಬಲ್ಲವು.

ಪೋಸ್ಟ್‌ಮಿಲೆನಿಯಲ್, ಮತ್ತು ಮುಗಿದುಹೋಯಿತು ಎನ್ನುವವರು

ಸುವಾರ್ತೆ ಹುಳಿಹಿಟ್ಟಿನಂತೆ ಲೋಕವನ್ನೆಲ್ಲ ವ್ಯಾಪಿಸಿ, ದೀರ್ಘ ನೀತಿಯುಗ ಬಂದ ಮೇಲೆ ಕ್ರಿಸ್ತನು ಬರುತ್ತಾನೆ ಎಂಬುದು ಪೋಸ್ಟ್‌ಮಿಲೆನಿಯಲ್ ನಿಲುವು. ಅಮೆರಿಕದ ಬೋಧಕ ಜೋನಾಥನ್ ಎಡ್ವರ್ಡ್ಸ್ ಇದನ್ನು ನಂಬಿದ್ದರು. 1793ರಲ್ಲಿ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿಗೂ ಇದೇ ಬಗೆಯ ನಿರೀಕ್ಷೆಯಿತ್ತು. ಸೋಮವಾರದ ಪರೀಕ್ಷೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಮೂರು ತಲೆಮಾರಿನ ಆಚೆಗೆ ಫಲ ಕೊಡುವ ಕೆಲಸಕ್ಕೆ, ಅನುವಾದಕ್ಕೆ, ಕಾನೂನು ತಿದ್ದುವುದಕ್ಕೆ ಬೇಕಾದ ತಾಳ್ಮೆ ಇದರಲ್ಲಿದೆ. 1914ರ ಯುದ್ಧ ಇದರ ಬೆನ್ನು ಮುರಿಯಿತು. ಕಡೇ ದಿನಗಳಲ್ಲಿ ಕಠಿಣಕಾಲ ಬರುತ್ತದೆ ಎಂಬ 2 ತಿಮೊಥೆಯ 3 ಕೂಡ ಎದುರಿಗೆ ನಿಲ್ಲುತ್ತದೆ. ಸಭೆಗೆ ರಾಜಕೀಯ ಅಧಿಕಾರದ ಹಸಿವಿರುವ ಕಡೆ ಈ ನಿಲುವು ಬೇಗ ಹುಳಿಯುತ್ತದೆ ಎಂಬುದು ನನ್ನ ಅನುಮಾನ.

ಪ್ರೆಟರಿಸ್ಟ್ ಓದು ಎಂಬುದೊಂದಿದೆ. ಮತ್ತಾಯ 24ರ ಬಹುಭಾಗ ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ತೀತನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟಾಗಲೇ ನೆರವೇರಿತು ಎನ್ನುತ್ತದೆ. ಇದೆಲ್ಲ ಆಗುವ ತನಕ "ಈ ಸಂತತಿ ಅಳಿದುಹೋಗುವುದಿಲ್ಲ" ಎಂಬ 34ನೇ ವಚನಕ್ಕೆ ಇದಕ್ಕಿಂತ ನೇರ ಉತ್ತರ ಬೇರೆಯವರಲ್ಲಿಲ್ಲ. ಇದನ್ನು ಅಮಿಲೆನಿಯಲ್ ಅಥವಾ ಪೋಸ್ಟ್‌ಮಿಲೆನಿಯಲ್ ಜೊತೆ ಸೇರಿಸಿಕೊಳ್ಳಬಹುದು. ಆದರೆ ಬರೋಣ, ಪುನರುತ್ಥಾನ ಎಲ್ಲವೂ ಆಗಲೇ ಮುಗಿಯಿತು ಎನ್ನುವ ಪೂರ್ಣ ಪ್ರೆಟರಿಸಂ ನಾನು ಮೊದಲು ಹೇಳಿದ ಅಂಗಳದ ಬೇಲಿ ದಾಟುತ್ತದೆ. ಅದನ್ನು ನಾನು ಆಯ್ಕೆಗಳ ಪಟ್ಟಿಯಲ್ಲಿ ಇಡುವುದಿಲ್ಲ.

ಯಾರಿಗೆ ಯಾವುದು

ನನ್ನದು ಹೇಳಿಬಿಡುತ್ತೇನೆ: ಡಿಸ್ಪೆನ್ಸೇಷನಲ್ ಆಗಿ ಬೆಳೆದು, ಈಗ ಹಳೆಯ ಪ್ರೀಮಿಲೆನಿಯಲ್ ಕಡೆ ನಿಂತಿದ್ದೇನೆ, ಅಮಿಲೆನಿಯಲ್ ಗೆಳೆಯರಿಂದ ಬಹಳ ಸಾಲ ಪಡೆದಿದ್ದೇನೆ. ನಿಮ್ಮ ಪರಿಸ್ಥಿತಿ ಬೇರೆ ಇದ್ದೀತು.

ಭಯದಿಂದ ನಿದ್ದೆ ಬಾರದವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಯಾವ ನಿಲುವಿನಿಂದಲೂ ಆರಂಭಿಸಬೇಡಿ. 1 ಥೆಸಲೊನೀಕ 4 ಮುಗಿಯುವುದು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು. ಸತ್ತ ತಮ್ಮವರ ಗತಿ ಏನೆಂದು ಅಳುತ್ತಿದ್ದವರಿಗೆ ಪೌಲ ಬರೆದ ಸಾಂತ್ವನ ಅದು. ಅದನ್ನು ಕೇಳಿ ಮಗು ಹೆದರಿತೆಂದರೆ ಹೇಳಿದ ರೀತಿಯಲ್ಲೇ ಏನೋ ಕೆಟ್ಟಿದೆ.

ಓದಲು ಸಮಯವಿಲ್ಲದವರಿಗೆ ಅಮಿಲೆನಿಯಲ್ ಹಗುರ, ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಪ್ರವಾದಿಗಳ ಪುಸ್ತಕಗಳನ್ನು ಸಾಲುಸಾಲಾಗಿ ಬಿಡಿಸಿ ಓದುವ ಆಸೆಯಿದ್ದರೆ, ಅದಕ್ಕೆ ವರ್ಷಗಳನ್ನು ಕೊಡಬಲ್ಲಿರಾದರೆ, ಡಿಸ್ಪೆನ್ಸೇಷನಲ್ ಬರಹಗಾರರನ್ನು ಬಿಟ್ಟು ಮುಂದೆ ಹೋಗಲಾಗದು. ನಂಬಿಕೆಗಾಗಿ ಬೆಲೆ ತೆರುತ್ತಿರುವವರು ಹಳೆಯ ಪ್ರೀಮಿಲೆನಿಯಲ್ ಅಥವಾ ಅಮಿಲೆನಿಯಲ್ ನೋಡಿ. ಎರಡೂ ಸಂಕಟವನ್ನು ಲೆಕ್ಕದಿಂದ ಹೊರಗಿಡುವುದಿಲ್ಲ.

ಓದು ನಿಲ್ಲಿಸುವುದು, ಸಾಲ ಮಾಡಿ ಕಾಣಿಕೆ ಕೊಡುವುದು, ಚಿಕಿತ್ಸೆ ಬಿಡುವುದು ಇಂಥ ಯಾವ ನಿರ್ಧಾರವನ್ನೂ ಅಂತ್ಯಕಾಲದ ಲೆಕ್ಕದ ಮೇಲೆ ಮಾಡಬೇಡಿ. ಇದರಲ್ಲಿ ನಾಲ್ಕೂ ನಿಲುವುಗಳ ಒಳ್ಳೆಯ ಬೋಧಕರು ಒಂದೇ ಮಾತು. ಕರ್ತನ ದಿನ ಬಂದೇಬಿಟ್ಟಿದೆ ಎಂದು ಕಂಗೆಟ್ಟಿದ್ದ ಥೆಸಲೊನೀಕದವರಿಗೆ ಪೌಲ ಅದೇ ಪತ್ರಿಕೆಯಲ್ಲಿ, ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎಂದೂ ಬರೆದ. ಬಾಬಿಲೋನಿನ ಸೆರೆಯವರಿಗೆ ಎರಡೇ ವರ್ಷದಲ್ಲಿ ಬಿಡುಗಡೆ ಎಂದವನು ಹನನ್ಯ. ಎಪ್ಪತ್ತು ವರ್ಷ ಹಿಡಿಯುತ್ತದೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ ಎಂದು ಬರೆದವನು ಯೆರೆಮೀಯ. ಜನರಿಗೆ ಹಿಡಿಸಿದ್ದು ಹನನ್ಯನ ಮಾತೇ ಇರಬೇಕು. (ಇಂಥ ಜಾಗದಲ್ಲಿ ಎಲ್ಲರೂ ಉದ್ಧರಿಸುವ, ನಾಳೆ ಲೋಕ ಮುಗಿಯುವುದಾದರೂ ಇಂದು ಗಿಡ ನೆಡುತ್ತೇನೆ ಎಂಬ ಲೂಥರನ ಸೇಬಿನ ಗಿಡದ ಮಾತು ಲೂಥರನ ಬರಹಗಳಲ್ಲಿ ಸಿಗುವುದಿಲ್ಲ. ಯೆರೆಮೀಯನ ತೋಟವೇ ಸಾಕು.)

ಎರಡು ಸಭೆಗಳ ನಡುವೆ ಸಿಕ್ಕಿಕೊಂಡವರು ಹಿರಿಯರನ್ನು ನೇರವಾಗಿ ಕೇಳಿ: ಈ ಬೋಧನೆ ಬೋಧಕರಿಗೆ ಮಾತ್ರ ಕಡ್ಡಾಯವೋ, ಸದಸ್ಯರಿಗೂ ಕಡ್ಡಾಯವೋ? ಭಿನ್ನವಾಗಿ ಓದುವ ನನಗೆ ಕರ್ತನ ಭೋಜನದಲ್ಲಿ ಪಾಲಿದೆಯೋ? ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಸಮಸ್ಯೆ ಸಾವಿರ ವರ್ಷದ್ದಲ್ಲ.

ನೀವೇ ಓದಿ ತೀರ್ಮಾನಿಸುವುದಾದರೆ ಕ್ರಮ ಹೀಗಿರಲಿ: ಮೊದಲ ಸಂಜೆ ಥೆಸಲೊನೀಕದವರಿಗೆ ಬರೆದ ಎರಡೂ ಪತ್ರಿಕೆಗಳು, ಎರಡನೇ ಸಂಜೆ ಮತ್ತಾಯ 24 ಮತ್ತು 25, ಮೂರನೇ ಸಂಜೆ ದಾನಿಯೇಲ 7ರಿಂದ 12. ನಾಲ್ಕನೆಯ ಸಂಜೆ ಪ್ರಕಟಣೆಯನ್ನು ಮೊದಲಿಂದ ಕೊನೆವರೆಗೆ, ಒಂದೇ ಸಲಕ್ಕೆ, ಟಿಪ್ಪಣಿ ಇಲ್ಲದ ಬೈಬಲಿನಲ್ಲಿ. ಕೈಯಲ್ಲಿ ಪೆನ್ಸಿಲ್ ಇರಲಿ, ಪೆನ್ನು ಬೇಡ.